ಆವರ್ತಕ ಕೋಷ್ಟಕ: ಬಾಯಿಪಾಠ ಮಾಡದೆ ಧಾತುಗಳ ಗುಂಪು ಕಂಡುಹಿಡಿಯುವುದು ಹೇಗೆ?

ಪರೀಕ್ಷೆ ಹತ್ತಿರ ಬಂತೆಂದರೆ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಈ ಆವರ್ತಕ ಕೋಷ್ಟಕವನ್ನು ನೆನಪಿಟ್ಟುಕೊಳ್ಳುವುದು ಹೇಗೆ?" ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ತರಗತಿಗೆ, ಹೋಗಿ ಪಾಠ ಇಂಗ್ಲಿಷಿಗೆ ತಿರುಗಿದ ಮೇಲೆ ಅದೇ ಪ್ರಶ್ನೆ ಇನ್ನಷ್ಟು ಗಾಬರಿಯಲ್ಲಿ ಬರುತ್ತದೆ. ಮನೆಯಲ್ಲಿ ಮಕ್ಕಳನ್ನು ಕೂರಿಸಿ ಓದಿಸುವ ಅಮ್ಮಂದಿರೂ ಇದನ್ನೇ ಕೇಳುತ್ತಾರೆ.

ನೇರವಾಗಿ ಹೇಳುತ್ತೇನೆ. 118 ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮೊದಲ 20 ಧಾತುಗಳ ಹೆಸರು ಕ್ರಮವಾಗಿ ಗೊತ್ತಿರಲಿ, ಜೊತೆಗೆ ಏಳು ಸಂಖ್ಯೆಗಳು ನೆನಪಿರಲಿ. ಯಾವ ಧಾತು ಯಾವ ಗುಂಪಿನದು ಎಂಬುದನ್ನು ಆಮೇಲೆ ಲೆಕ್ಕ ಹಾಕಿಯೇ ಹೇಳಬಹುದು. ಕೋಷ್ಟಕವನ್ನು ಸುಮ್ನೆ ನೋಡುತ್ತಾ ಕೂತರೆ ಇದು ಬರುವುದಿಲ್ಲ. ಒಮ್ಮೆ ನಿಮ್ಮ ಕೈಯಾರೆ ಅದನ್ನು ಕಟ್ಟಬೇಕು. ಒಂದು ಭಾನುವಾರ ಮಧ್ಯಾಹ್ನ ಸಾಕು.

ಏನೇನು ಬೇಕು?

ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ 36 ಚೀಟಿ ಮಾಡಿಕೊಳ್ಳಿ. ಹಿಂಬದಿ ಖಾಲಿ ಇದ್ದರೆ ಆಯಿತು. ಒಂದು ಪೆನ್ಸಿಲ್, ಒಂದು ರಬ್ಬರ್, ಮೂರು ಬಣ್ಣದ ಪೆನ್ಸಿಲ್. ಚೀಟಿ ಹರಡಲು ನೆಲದಲ್ಲಿ ಒಂದು ಚಾಪೆಯಷ್ಟು ಜಾಗ. ಪುಸ್ತಕದಲ್ಲಿರುವ ಕೋಷ್ಟಕವನ್ನು ಈಗ ಮುಚ್ಚಿಡಿ, ಕೊನೆಯಲ್ಲಿ ತಾಳೆ ನೋಡಲು ಬೇಕಾಗುತ್ತದೆ.

ಪದಗಳ ಬಗ್ಗೆ ಒಂದು ಮಾತು. ಕೆಲವು ಪುಸ್ತಕಗಳಲ್ಲಿ 'ಧಾತು' ಅಂತ ಇರುತ್ತದೆ, ಕೆಲವುಗಳಲ್ಲಿ 'ಮೂಲವಸ್ತು'. ಎರಡೂ ಒಂದೇ. ಕೋಷ್ಟಕದಲ್ಲಿ ಮೇಲಿನಿಂದ ಕೆಳಗೆ ಇಳಿಯುವ ಕಂಬಸಾಲು 'ಗುಂಪು', ಎಡದಿಂದ ಬಲಕ್ಕೆ ಹೋಗುವ ಅಡ್ಡಸಾಲು 'ಆವರ್ತ'. ಗುಂಪುಗಳು 18, ಆವರ್ತಗಳು 7.

ಹಂತ 1: ಮೂರು ಮಾತು ಸರಿಯಾಗಿ ಗೊತ್ತಿರಲಿ

ಮೊದಲನೆಯದು ಪರಮಾಣು ಸಂಖ್ಯೆ. ಪರಮಾಣುವಿನ ನಡುವೆ ಇರುವ ಬೀಜಕೇಂದ್ರದಲ್ಲಿ ಎಷ್ಟು ಪ್ರೋಟಾನ್ ಇದೆಯೋ ಅದೇ ಪರಮಾಣು ಸಂಖ್ಯೆ. ಸೋಡಿಯಂನಲ್ಲಿ 11 ಪ್ರೋಟಾನ್. 11 ಪ್ರೋಟಾನ್ ಇದ್ದರೆ ಅದು ಸೋಡಿಯಂ, ಬೇರೆ ಯಾವುದೂ ಅಲ್ಲ. ಪರಮಾಣುವಿನಲ್ಲಿ ಪ್ರೋಟಾನ್ ಎಷ್ಟೋ ಇಲೆಕ್ಟ್ರಾನ್ ಅಷ್ಟೇ.

ಎರಡನೆಯದು ಕವಚ. ಇಲೆಕ್ಟ್ರಾನುಗಳು ಬೀಜಕೇಂದ್ರದ ಸುತ್ತ ಮಟ್ಟ ಮಟ್ಟವಾಗಿ ಇರುತ್ತವೆ. ಆ ಒಂದೊಂದು ಮಟ್ಟವೇ ಕವಚ. ಮೂರನೆಯದು ಹೊರಕವಚದ ಇಲೆಕ್ಟ್ರಾನ್. ಇದನ್ನೇ ವೇಲೆನ್ಸ್ ಇಲೆಕ್ಟ್ರಾನ್ ಎನ್ನುತ್ತಾರೆ. ಇನ್ನೊಂದು ಪರಮಾಣು ಹತ್ತಿರ ಬಂದಾಗ ಮೊದಲು ತಾಗುವುದು ಇದೇ. ಕೊಡುವುದು, ತೆಗೆದುಕೊಳ್ಳುವುದು, ಹಂಚಿಕೊಳ್ಳುವುದು ಎಲ್ಲ ಇದರದ್ದೇ ಕೆಲಸ. ಹಾಗಾಗಿ ಹೊರಕವಚ ಒಂದೇ ಥರ ಇದ್ದರೆ ಧಾತುಗಳ ನಡತೆಯೂ ಒಂದೇ ಥರ. ಗುಂಪು ಎಂದರೆ ಇದೇ. ಇಡೀ ಕೋಷ್ಟಕ ನಿಂತಿರುವುದು ಈ ಮಾತಿನ ಮೇಲೆ.

ಎಚ್ಚರಿಕೆ: ಪರಮಾಣು ಸಂಖ್ಯೆಯನ್ನೂ ಪರಮಾಣು ರಾಶಿಯನ್ನೂ ಕಲಸಬೇಡಿ. ರಾಶಿ ಎಂದರೆ ತೂಕದ ಲೆಕ್ಕ. ರಷ್ಯಾದ ಮೆಂಡಲೀವ್ 1869ರಲ್ಲಿ ಕೋಷ್ಟಕ ಮಾಡಿದಾಗ ಪ್ರೋಟಾನ್ ಎಂಬುದೇ ಗೊತ್ತಿರಲಿಲ್ಲ. ಆಗ ತಿಳಿದಿದ್ದ 63 ಧಾತುಗಳನ್ನು ಅವರು ರಾಶಿಯ ಕ್ರಮದಲ್ಲೇ ಜೋಡಿಸಿದರು. ಅದು ಕೆಲವು ಕಡೆ ಕೈಕೊಟ್ಟಿತು. ಟೆಲ್ಯೂರಿಯಂನ ರಾಶಿ 127.6, ಅಯೋಡಿನ್‌ನದ್ದು 126.9. ರಾಶಿ ನೋಡಿದರೆ ಅಯೋಡಿನ್ ಮೊದಲು ಬರಬೇಕು. ಆದರೆ ಅದರ ನಡತೆಯೆಲ್ಲ ಕ್ಲೋರಿನ್, ಬ್ರೋಮಿನ್‌ಗಳ ಹಾಗೆ. ಮೆಂಡಲೀವ್ ರಾಶಿಯನ್ನು ಬದಿಗಿಟ್ಟು ನಡತೆಯನ್ನು ನಂಬಿದರು, ಟೆಲ್ಯೂರಿಯಂ ಆದ ಮೇಲೆ ಅಯೋಡಿನ್ ಇಟ್ಟರು. ಅದು ಯಾಕೆ ಸರಿ ಎಂದು ತಿಳಿದದ್ದು 1913ರಲ್ಲಿ, ಇಂಗ್ಲೆಂಡಿನ ಮೋಸ್ಲೆ ಎಕ್ಸ್-ರೇ ಪ್ರಯೋಗಗಳಿಂದ ಪರಮಾಣು ಸಂಖ್ಯೆಯನ್ನು ತೋರಿಸಿಕೊಟ್ಟಾಗ. ಟೆಲ್ಯೂರಿಯಂ 52, ಅಯೋಡಿನ್ 53. ಈಗ ಕೋಷ್ಟಕದ ಕ್ರಮ ಎಂದರೆ ಪರಮಾಣು ಸಂಖ್ಯೆಯ ಕ್ರಮ, ಅಷ್ಟೇ.

ಹಂತ 2: 20 ಚೀಟಿ ಬರೆಯಿರಿ

ಒಂದೊಂದು ಚೀಟಿಯ ಮೇಲೆ ಸಂಖ್ಯೆ, ಹೆಸರು, ಅದರ ಕೆಳಗೆ ಕವಚದ ಲೆಕ್ಕ ಬರೆಯಿರಿ. ಮೊದಲ ಕವಚಕ್ಕೆ 2, ಎರಡನೆಯದಕ್ಕೆ 8, ಮೂರನೆಯದಕ್ಕೆ ಸದ್ಯಕ್ಕೆ 8, ಉಳಿದದ್ದು ನಾಲ್ಕನೆಯದಕ್ಕೆ.

1 ಹೈಡ್ರೋಜನ್, 2 ಹೀಲಿಯಂ, 3 ಲಿಥಿಯಂ, 4 ಬೆರಿಲಿಯಂ, 5 ಬೋರಾನ್, 6 ಕಾರ್ಬನ್, 7 ನೈಟ್ರೋಜನ್, 8 ಆಕ್ಸಿಜನ್, 9 ಫ್ಲೋರಿನ್, 10 ನಿಯಾನ್, 11 ಸೋಡಿಯಂ, 12 ಮೆಗ್ನೀಸಿಯಂ, 13 ಅಲ್ಯೂಮಿನಿಯಂ, 14 ಸಿಲಿಕಾನ್, 15 ರಂಜಕ, 16 ಗಂಧಕ, 17 ಕ್ಲೋರಿನ್, 18 ಆರ್ಗಾನ್, 19 ಪೊಟ್ಯಾಸಿಯಂ, 20 ಕ್ಯಾಲ್ಸಿಯಂ.

ಸೋಡಿಯಂಗೆ 2, 8, 1. ಕ್ಲೋರಿನ್‌ಗೆ 2, 8, 7. ಹೀಗೆ ಬರೆಯುತ್ತಾ ಹೋಗಿ. ಕನ್ನಡ ಹೆಸರು ರೂಢಿಯಲ್ಲಿರುವ ರಂಜಕ, ಗಂಧಕಗಳಿಗೆ ಪಕ್ಕದಲ್ಲೇ ಫಾಸ್ಫರಸ್, ಸಲ್ಫರ್ ಎಂದೂ ಬರೆದಿಡಿ. ಪ್ಲಸ್ ವನ್‌ನಲ್ಲಿ ಕಷ್ಟ ಆಗುವುದಿಲ್ಲ.

ಜಾಸ್ತಿ ಜನ ಎಡವುವುದು 19ರಲ್ಲಿ. ಮೂರನೆಯ ಕವಚಕ್ಕೆ 18 ಇಲೆಕ್ಟ್ರಾನ್ ಹಿಡಿಯುತ್ತದೆ ಎಂದು ಪುಸ್ತಕದಲ್ಲಿ ಓದಿರುತ್ತಾರೆ. ಹಾಗಾಗಿ ಪೊಟ್ಯಾಸಿಯಂಗೆ 2, 8, 9 ಎಂದು ಬರೆದುಬಿಡುತ್ತಾರೆ. ಸರಿಯಾದದ್ದು 2, 8, 8, 1. ಕವಚದೊಳಗೆ ಎಸ್, ಪಿ, ಡಿ, ಎಫ್ ಎಂಬ ಉಪಕವಚಗಳಿವೆ. ನಾಲ್ಕನೆಯ ಕವಚದ ಎಸ್ ತುಂಬಿದ ಮೇಲೆಯೇ ಮೂರನೆಯ ಕವಚದ ಡಿ ತುಂಬಲು ಶುರುವಾಗುತ್ತದೆ. ಆ ಹತ್ತು ಜಾಗಗಳ ಕಥೆ ಹಂತ 6ರಲ್ಲಿದೆ.

ಹಂತ 3: ಸಾಲು ಹಾಕಿ

ಈಗ ಚೀಟಿಗಳನ್ನು ನೆಲದ ಮೇಲೆ ಹರಡಿ. ನಿಯಮ ಒಂದೇ: ಹೊಸ ಕವಚ ಶುರುವಾದಾಗಲೆಲ್ಲ ಹೊಸ ಸಾಲು. ಹೈಡ್ರೋಜನ್, ಹೀಲಿಯಂ ಒಂದು ಸಾಲು. ಲಿಥಿಯಂನಿಂದ ನಿಯಾನ್‌ವರೆಗೆ ಎರಡನೆಯದು. ಸೋಡಿಯಂನಿಂದ ಆರ್ಗಾನ್‌ವರೆಗೆ ಮೂರನೆಯದು. ಪೊಟ್ಯಾಸಿಯಂ, ಕ್ಯಾಲ್ಸಿಯಂ ನಾಲ್ಕನೆಯದರ ಆರಂಭ. ಸಾಲಿನ ಸಂಖ್ಯೆ ಎಂದರೆ ಕವಚಗಳ ಸಂಖ್ಯೆ. ಆವರ್ತ ಎಂದರೆ ಇದೇ.

ಹೊರಕವಚದ ಸಂಖ್ಯೆ ಒಂದೇ ಇರುವ ಚೀಟಿಗಳು ಒಂದರ ಕೆಳಗೊಂದು ಬರಲಿ. ಲಿಥಿಯಂ ಕೆಳಗೆ ಸೋಡಿಯಂ, ಅದರ ಕೆಳಗೆ ಪೊಟ್ಯಾಸಿಯಂ. ಮೂರರ ಕೊನೆಯ ಅಂಕಿಯೂ 1. ಈ ಚೀಟಿಗಳನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿ: 2, 1. ಅದರ ಕೆಳಗೆ 2, 8, 1. ಅದರ ಕೆಳಗೆ 2, 8, 8, 1. ಇಲ್ಲಿ ಒಂದು ನಿಮಿಷ ನಿಲ್ಲಿ, ಇದನ್ನು ಕಣ್ಣಾರೆ ಕಂಡವರಿಗೆ ಮರೆಯುವುದಿಲ್ಲ. ಜರ್ಮನಿಯ ಡೋಬರೈನರ್ ಇಲೆಕ್ಟ್ರಾನಿನ ಸುದ್ದಿಯೇ ಇಲ್ಲದ 1829ರಲ್ಲಿ ಇದೇ ಮೂರನ್ನು ಒಟ್ಟಿಗೆ ಇಟ್ಟಿದ್ದರು. ಲಿಥಿಯಂನ ರಾಶಿ 7, ಪೊಟ್ಯಾಸಿಯಂನದ್ದು 39, ಇವೆರಡರ ಸರಾಸರಿ 23. ಅದು ಸರಿಯಾಗಿ ಸೋಡಿಯಂನ ರಾಶಿ.

ಹಂತ 4: ಗುಂಪಿನ ಸಂಖ್ಯೆ ಕೊಡಿ

ಹೊರಕವಚದಲ್ಲಿ 1 ಅಥವಾ 2 ಇಲೆಕ್ಟ್ರಾನ್ ಇದ್ದರೆ ಗುಂಪಿನ ಸಂಖ್ಯೆಯೂ ಅದೇ. 3ರಿಂದ 8ರವರೆಗೆ ಇದ್ದರೆ 10 ಕೂಡಿಸಿ. ಅಲ್ಯೂಮಿನಿಯಂಗೆ 3, ಹಾಗಾಗಿ ಗುಂಪು 13. ಆಕ್ಸಿಜನ್‌ಗೆ 6, ಹಾಗಾಗಿ 16. ನಡುವಿನ 3ರಿಂದ 12ರವರೆಗಿನ ಹತ್ತು ಗುಂಪುಗಳಿಗೆ ಈಗ ಜಾಗ ಬಿಡಿ. ಅಂದರೆ ಬೆರಿಲಿಯಂ ಮತ್ತು ಬೋರಾನ್ ನಡುವೆ ಹತ್ತು ಚೀಟಿಯಷ್ಟು ಅಗಲ ಬಿಡಬೇಕು. ಚಾಪೆಯಷ್ಟು ಜಾಗ ಬೇಕು ಎಂದದ್ದು ಇದಕ್ಕೇ.

ಎರಡು ಚೀಟಿ ಈ ನಿಯಮಕ್ಕೆ ಬಗ್ಗುವುದಿಲ್ಲ.

ಹೀಲಿಯಂಗೆ ಇರುವುದೇ 2 ಇಲೆಕ್ಟ್ರಾನ್. ನಿಯಮದ ಪ್ರಕಾರ ಗುಂಪು 2ಕ್ಕೆ ಹೋಗಬೇಕು. ಆದರೆ ಮೊದಲ ಕವಚ 2ಕ್ಕೇ ಭರ್ತಿ. ಭರ್ತಿಯಾದ ಕವಚದ ಧಾತು ಯಾರ ತಂಟೆಗೂ ಹೋಗುವುದಿಲ್ಲ. ಆದ್ದರಿಂದ ಅದರ ಜಾಗ ನಿಯಾನ್, ಆರ್ಗಾನ್ ಇರುವ 18ರಲ್ಲಿ. ಹೈಡ್ರೋಜನ್ ಗುಂಪು 1ರ ತಲೆಯ ಮೇಲೆ ಕೂತಿರುತ್ತದೆ, ಆದರೆ ಅದು ಲೋಹ ಅಲ್ಲ, ಅನಿಲ. ಹೊರಗೆ ಒಂದೇ ಇಲೆಕ್ಟ್ರಾನ್ ಇದೆ ಎಂಬುದಕ್ಕೆ ಅಲ್ಲಿ ಇಟ್ಟಿದ್ದಾರೆ. "ಗುಂಪು 1ರ ಎಲ್ಲ ಧಾತುಗಳೂ ಲೋಹಗಳು" ಎಂದು ಬರೆದರೆ ತಪ್ಪು. "ಹೈಡ್ರೋಜನ್ ಬಿಟ್ಟು" ಎಂದು ಸೇರಿಸಿ.

ಇನ್ನೊಂದು ಎಚ್ಚರಿಕೆ. ಅಣ್ಣನದೋ ಅಕ್ಕನದೋ ಹಳೆಯ ಗೈಡ್ ಇಟ್ಟುಕೊಂಡು ಓದುವವರಿಗೆ ಗುಂಪುಗಳ ಹೆಸರು ರೋಮನ್ ಅಂಕಿಯಲ್ಲಿ, ಎ, ಬಿ ಅಕ್ಷರಗಳ ಜೊತೆ ಕಾಣಬಹುದು. ಅದು ಹಳೆಯ ಪದ್ಧತಿ. ಅಮೆರಿಕದಲ್ಲಿ ಒಂದು ರೀತಿ, ಯುರೋಪಿನಲ್ಲಿ ಇನ್ನೊಂದು ರೀತಿ ಇತ್ತು. ಆ ಗೊಂದಲ ಬೇಡವೆಂದು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ 1ರಿಂದ 18ರವರೆಗಿನ ಸಂಖ್ಯೆಗಳನ್ನು ಶಿಫಾರಸು ಮಾಡಿತು. ಉತ್ತರದಲ್ಲಿ ಈ ಸಂಖ್ಯೆಯನ್ನೇ ಬರೆಯಿರಿ.

ಹಂತ 5: ಕುಟುಂಬಗಳ ಪರಿಚಯ ಮಾಡಿಕೊಳ್ಳಿ

ಒಂದು ತರವಾಡಿನವರು ಬೇರೆ ಬೇರೆ ಮನೆಗಳಲ್ಲಿದ್ದರೂ ನಡೆನುಡಿಯಲ್ಲಿ ಗುರುತು ಸಿಗುತ್ತದಲ್ವಾ, ಒಂದು ಗುಂಪಿನ ಧಾತುಗಳೂ ಹಾಗೆಯೇ. ಎಲ್ಲ ಗುಂಪುಗಳನ್ನೂ ಒಂದೇ ತೂಕದಲ್ಲಿ ಓದಬೇಡಿ. 1, 17, 18 ಮೊದಲು ಗಟ್ಟಿಯಾಗಲಿ. ಕುಟುಂಬದ ಗುಣ ಕಣ್ಣಿಗೆ ಹೊಡೆಯುವ ಹಾಗೆ ಕಾಣುವುದು ಇವುಗಳಲ್ಲಿ.

ಗುಂಪು 1, ಕ್ಷಾರ ಲೋಹಗಳು. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ, ಫ್ರಾನ್ಸಿಯಂ. ಚಾಕುವಿನಿಂದ ಕತ್ತರಿಸುವಷ್ಟು ಮೆತ್ತಗಿನ ಲೋಹಗಳು. ಹೊರಗಿನ ಒಂದು ಇಲೆಕ್ಟ್ರಾನನ್ನು ಕೊಟ್ಟುಬಿಡಲು ತುದಿಗಾಲಲ್ಲಿ ನಿಂತಿರುತ್ತವೆ. ನೀರಿಗೆ ಹಾಕಿದರೆ ಲಿಥಿಯಂ ಬುರುಬುರು ಗುಳ್ಳೆ ಬಿಡುತ್ತದೆ. ಸೋಡಿಯಂ ಕರಗಿ ಗುಂಡಗಾಗಿ ನೀರಿನ ಮೇಲೆ ಓಡಾಡುತ್ತದೆ. ಪೊಟ್ಯಾಸಿಯಂ ನೇರಳೆ ಜ್ವಾಲೆಯಲ್ಲಿ ಉರಿಯುತ್ತದೆ. ಕೆಳಗೆ ಹೋದ ಹಾಗೆ ಆವೇಶ ಜಾಸ್ತಿ. ಯಾಕೆಂದರೆ ಕವಚ ಹೆಚ್ಚಾದ ಹಾಗೆ ಹೊರಗಿನ ಇಲೆಕ್ಟ್ರಾನ್ ಬೀಜಕೇಂದ್ರದಿಂದ ದೂರ ಹೋಗುತ್ತದೆ, ಹಿಡಿತ ಸಡಿಲವಾಗುತ್ತದೆ. ಶಾಲೆಯಲ್ಲಿ ಸೋಡಿಯಂ ಅನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುವುದು ಗಾಳಿ, ತೇವ ತಾಗದಿರಲಿ ಎಂದು. ದಯವಿಟ್ಟು ಟೀಚರ್ ಎದುರಿಗಿಲ್ಲದೆ ಅದನ್ನು ಮುಟ್ಟಬೇಡಿ. ಬೆವರಿನ ತೇವವೇ ಕೈ ಸುಡಲು ಸಾಕು.

ಕುಟುಂಬದ ಹೋಲಿಕೆಗೆ ಉದಾಹರಣೆ ನಮ್ಮ ತೋಟದಲ್ಲೇ ಇದೆ. ತೆಂಗಿನ ಬುಡಕ್ಕೆ ಉಪ್ಪು ಹಾಕುವುದು ಕರಾವಳಿಯಲ್ಲಿ ಹಳೆಯ ರೂಢಿ. ತೆಂಗಿಗೆ ಬೇಕಾದದ್ದು ಪೊಟ್ಯಾಸಿಯಂ, ಅಂದರೆ ಅಂಗಡಿಯಲ್ಲಿ ಸಿಗುವ ಪೊಟ್ಯಾಷ್ ಗೊಬ್ಬರ. ಉಪ್ಪಿನಲ್ಲಿರುವುದು ಸೋಡಿಯಂ. ಆದರೂ ಪೊಟ್ಯಾಸಿಯಂ ಮಾಡಬೇಕಾದ ಕೆಲಸದ ಒಂದು ಪಾಲನ್ನು ತೆಂಗು ಸೋಡಿಯಂನಿಂದ ಮಾಡಿಸಿಕೊಳ್ಳಬಲ್ಲದು. ಎರಡೂ ಒಂದೇ ಗುಂಪಿನವು. ಆದರೆ ಹೋಲಿಕೆ ಎಂದರೆ ಒಂದೇ ಎಂದಲ್ಲ. ನಮ್ಮ ಮೈಯಲ್ಲಿ ಸೋಡಿಯಂ ಜೀವಕೋಶದ ಹೊರಗೆ ಜಾಸ್ತಿ, ಪೊಟ್ಯಾಸಿಯಂ ಒಳಗೆ ಜಾಸ್ತಿ. ಇದು ಅದಲುಬದಲಾದರೆ ನರಗಳ ಕೆಲಸವೇ ನಿಲ್ಲುತ್ತದೆ. "ಒಂದೇ ಗುಂಪು, ಹಾಗಾಗಿ ಎಲ್ಲ ಗುಣವೂ ಒಂದೇ" ಎಂದು ಯಾವತ್ತೂ ಬರೆಯಬೇಡಿ.

ಗುಂಪು 2, ಕ್ಷಾರೀಯ ಭಸ್ಮ ಲೋಹಗಳು. ಮೆಗ್ನೀಸಿಯಂ, ಕ್ಯಾಲ್ಸಿಯಂ ಇಲ್ಲಿನವು. ಸುಣ್ಣ ಎಂದರೆ ಕ್ಯಾಲ್ಸಿಯಂನ ಸಂಯುಕ್ತ. ಅಣು ಸ್ಫೋಟದಿಂದ ಹೊರಬರುವ ವಿಕಿರಣಶೀಲ ಸ್ಟ್ರಾಂಷಿಯಂ ಎಲುಬಿನಲ್ಲಿ ಹೋಗಿ ಕೂರುವುದು ಅದು ಕ್ಯಾಲ್ಸಿಯಂನ ಕುಟುಂಬದ್ದು ಎಂಬ ಕಾರಣಕ್ಕೆ. ದೇಹಕ್ಕೆ ಎರಡರ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ.

ಗುಂಪು 17, ಹ್ಯಾಲೊಜನ್‌ಗಳು. ಹೊರಗೆ 7 ಇಲೆಕ್ಟ್ರಾನ್, ಇನ್ನೊಂದು ಸಿಕ್ಕಿದರೆ ಭರ್ತಿ. ಹಾಗಾಗಿ ಇವು ಕೊಡುವವಲ್ಲ, ಕಿತ್ತುಕೊಳ್ಳುವವು. ಫ್ಲೋರಿನ್ ತೆಳು ಹಳದಿ ಅನಿಲ, ಕ್ಲೋರಿನ್ ಹಸಿರು ಮಿಶ್ರಿತ ಹಳದಿ ಅನಿಲ, ಬ್ರೋಮಿನ್ ಕಂದುಗೆಂಪು ದ್ರವ, ಅಯೋಡಿನ್ ಕಪ್ಪಗೆ ಹೊಳೆಯುವ ಘನ. ಒಂದೇ ಕುಟುಂಬದಲ್ಲಿ ಮೂರೂ ಸ್ಥಿತಿಗಳು! ಮನೆಯಲ್ಲೇ ಹುಡುಕಿ: ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್, ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್, ಉಪ್ಪಿನ ಪ್ಯಾಕೆಟ್ಟಿನಲ್ಲಿ ಅಯೋಡಿನ್. ಇಲ್ಲಿ ಕೆಳಗೆ ಹೋದ ಹಾಗೆ ಆವೇಶ ಕಡಿಮೆ. ಗುಂಪು 1ಕ್ಕೆ ತೀರಾ ವಿರುದ್ಧ. ಪರೀಕ್ಷೆಯಲ್ಲಿ ಇದನ್ನು ಉಲ್ಟಾ ಬರೆಯುವವರು ತುಂಬಾ. ಕಾರಣ ನೆನಪಿದ್ದರೆ ತಪ್ಪುವುದಿಲ್ಲ: ಕೊಡುವವರಿಗೆ ದೂರ ಒಳ್ಳೆಯದು, ಕಿತ್ತುಕೊಳ್ಳುವವರಿಗೆ ಹತ್ತಿರ ಒಳ್ಳೆಯದು.

ಬ್ಲೀಚಿಂಗ್ ಪುಡಿಯನ್ನು ಆಸಿಡ್ ಇರುವ ಕಕ್ಕಸು ತೊಳೆಯುವ ದ್ರವದ ಜೊತೆ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಹೊರಬಂದು ಉಸಿರು ಕಟ್ಟಿಸುತ್ತದೆ.

ನಮ್ಮ ಜಿಲ್ಲೆಯ ಮಕ್ಕಳು ಇಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಎಂಡೋಸಲ್ಫಾನ್ ಕೀಟನಾಶಕದಲ್ಲೂ ಕ್ಲೋರಿನ್ ಇದೆಯಲ್ವಾ, ಹಾಗಾದರೆ ಉಪ್ಪು ಹೇಗೆ ತಿನ್ನುತ್ತೇವೆ? ಒಳ್ಳೆಯ ಪ್ರಶ್ನೆ. ಎಂಡೋಸಲ್ಫಾನ್‌ನ ಒಂದು ಅಣುವಿನಲ್ಲಿ 6 ಕ್ಲೋರಿನ್ ಪರಮಾಣುಗಳಿವೆ, ಅವು ಕಾರ್ಬನ್‌ಗೆ ಅಂಟಿಕೊಂಡಿವೆ. ಉಪ್ಪಿನಲ್ಲಿರುವುದು ಸೋಡಿಯಂನಿಂದ ಇಲೆಕ್ಟ್ರಾನ್ ಪಡೆದು ತೃಪ್ತವಾದ ಕ್ಲೋರೈಡ್. ಕೋಷ್ಟಕದ ಗುಂಪು ಹೇಳುವುದು ಧಾತುವಿನ ಸ್ವಭಾವವನ್ನು. ಅದು ಯಾರ ಜೊತೆ, ಹೇಗೆ ಸೇರಿದೆ ಎಂಬುದರ ಮೇಲೆ ಸಂಯುಕ್ತದ ಗುಣ ಪೂರ್ತಿ ಬದಲಾಗುತ್ತದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷದ ನೋವನ್ನು ಕಂಡ ಊರಿನಲ್ಲಿ ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಯುವ ಹಾಗೆ ಹೇಳಿಕೊಡಲೇಬೇಕು ಎಂದು ನನಗೆ ಅನಿಸುತ್ತದೆ.

ಗುಂಪು 18, ಜಡಾನಿಲಗಳು. ಮೆಂಡಲೀವರ ಮೊದಲ ಕೋಷ್ಟಕದಲ್ಲಿ ಈ ಕಂಬಸಾಲು ಇರಲೇ ಇಲ್ಲ. ಯಾರ ಜೊತೆಗೂ ಸೇರದ ಅನಿಲಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೀಲಿಯಂನ ಮೊದಲ ಸುಳಿವು ಸಿಕ್ಕಿದ್ದು ಸೂರ್ಯನಲ್ಲಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಆಂಧ್ರದ ಗುಂಟೂರಿನಿಂದ ನೋಡಿದರು. ಅದೇ ವರ್ಷ ಇಂಗ್ಲೆಂಡಿನ ಲಾಕ್ಯರ್ ಸೂರ್ಯನ ಬೆಳಕಿನಲ್ಲಿ ಕಂಡ ಹಳದಿ ಗೆರೆ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. 2019ರ ಡಿಸೆಂಬರಿನಲ್ಲಿ ಚೆರ್ವತ್ತೂರಿನಲ್ಲಿ ಕಂಕಣ ಗ್ರಹಣ ನೋಡಿದವರು ಇದನ್ನು ಮಕ್ಕಳಿಗೆ ಹೇಳಿ. ಭೂಮಿಯ ಮೇಲೆ ರಾಮ್ಸೆ ಹೀಲಿಯಂ ಪತ್ತೆ ಮಾಡಿದ್ದು 1895ರಲ್ಲಿ. ಹೊಸ ಅನಿಲಗಳು ಬಂದಾಗ ಕೋಷ್ಟಕ ಮುರಿಯಲಿಲ್ಲ, ಒಂದು ಕಂಬಸಾಲು ಸೇರಿಕೊಂಡಿತು. "ಇವು ಎಂದಿಗೂ ವರ್ತಿಸುವುದಿಲ್ಲ" ಎಂದು ಮಾತ್ರ ಬರೆಯಬೇಡಿ. 1962ರಲ್ಲೇ ಬಾರ್ಟ್ಲೆಟ್ ಝೆನಾನ್‌ನ ಸಂಯುಕ್ತ ಮಾಡಿ ತೋರಿಸಿದ್ದಾರೆ.

13ರಿಂದ 16ರವರೆಗಿನ ಗುಂಪುಗಳಿಗೆ ಮೊದಲ ಸದಸ್ಯನ ಹೆಸರು: ಬೋರಾನ್, ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ಕುಟುಂಬಗಳು. ಇಲ್ಲಿ ನೋಟಕ್ಕೆ ಹೋಲಿಕೆ ಹುಡುಕಬೇಡಿ. ಗುಂಪು 14ರಲ್ಲಿ ಕಾರ್ಬನ್ ಅಲೋಹ, ಸಿಲಿಕಾನ್ ಎರಡರ ನಡುವಿನದು, ತವರ, ಸೀಸ ಲೋಹಗಳು. ಹೊರಗೆ 4 ಇಲೆಕ್ಟ್ರಾನ್ ಎಂಬುದೇ ನಂಟು.

ಹಂತ 6: ನಡುವಿನ ಹತ್ತು ಗುಂಪು ತುಂಬಿ

ಉಳಿದ 16 ಚೀಟಿ ತೆಗೆದುಕೊಳ್ಳಿ. 21 ಸ್ಕ್ಯಾಂಡಿಯಂ, 22 ಟೈಟಾನಿಯಂ, 23 ವೆನೇಡಿಯಂ, 24 ಕ್ರೋಮಿಯಂ, 25 ಮ್ಯಾಂಗನೀಸ್, 26 ಕಬ್ಬಿಣ, 27 ಕೋಬಾಲ್ಟ್, 28 ನಿಕ್ಕಲ್, 29 ತಾಮ್ರ, 30 ಸತು. ಇವು ಹತ್ತು ಕ್ಯಾಲ್ಸಿಯಂನ ಬಲಗಡೆ, ಗುಂಪು 3ರಿಂದ 12ರವರೆಗೆ. ಆಮೇಲೆ 31 ಗ್ಯಾಲಿಯಂ, 32 ಜರ್ಮೇನಿಯಂ, 33 ಆರ್ಸೆನಿಕ್, 34 ಸೆಲೆನಿಯಂ, 35 ಬ್ರೋಮಿನ್, 36 ಕ್ರಿಪ್ಟಾನ್. ಗ್ಯಾಲಿಯಂ ನೇರ ಅಲ್ಯೂಮಿನಿಯಂ ಕೆಳಗೆ ಬಂದರೆ ನೀವು ಸರಿಯಾಗಿ ಹಾಕಿದ್ದೀರಿ.

ಗ್ಯಾಲಿಯಂ ಮತ್ತು ಜರ್ಮೇನಿಯಂ ಚೀಟಿಗಳನ್ನು ಸ್ವಲ್ಪ ಎತ್ತಿಟ್ಟು ಆ ಖಾಲಿ ಜಾಗ ನೋಡಿ. ಮೆಂಡಲೀವ್ ಬಿಟ್ಟದ್ದು ಇದೇ ಜಾಗ. ಆಗ ಈ ಎರಡು ಧಾತುಗಳು ಯಾರಿಗೂ ಗೊತ್ತಿರಲಿಲ್ಲ. ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ 'ಏಕ-ಅಲ್ಯೂಮಿನಿಯಂ' ಎಂದು ಹೆಸರಿಟ್ಟು, ಅಲ್ಲಿಗೆ ಬರಬೇಕಾದ ಧಾತುವಿನ ಸಾಂದ್ರತೆ, ಅಂದರೆ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, ಸುಮಾರು 5.9 ಇರುತ್ತದೆ ಎಂದರು. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವರು ಮೊದಲು ಅಳೆದಾಗ ಬಂದದ್ದು 4.7. ಇನ್ನೊಮ್ಮೆ ಅಳೆಯಿರಿ ಎಂದು ಮೆಂಡಲೀವ್ ತಿಳಿಸಿದರು. ಶುದ್ಧ ಮಾಡಿ ಅಳೆದಾಗ 5.9! ಕಣ್ಣಲ್ಲೇ ನೋಡದ ಲೋಹದ ಬಗ್ಗೆ ಇಷ್ಟು ಧೈರ್ಯ ಬಂದದ್ದು ಅಕ್ಕಪಕ್ಕ, ಮೇಲೆ ಕೆಳಗೆ ಇರುವ ಧಾತುಗಳನ್ನು ನೋಡಿ. ಜರ್ಮೇನಿಯಂ 1886ರಲ್ಲಿ ಸಿಕ್ಕಿತು. ಗ್ಯಾಲಿಯಂ ಕರಗುವುದು 29.8 ಡಿಗ್ರಿಗೆ, ಅಂದರೆ ನಮ್ಮ ಏಪ್ರಿಲ್ ಸೆಕೆಯಲ್ಲಿ ಮೇಜಿನ ಮೇಲೆ ಇಟ್ಟರೆ ತಾನಾಗಿ ನೀರಾಗುತ್ತದೆ.

ಈಗ ನಡುವಿನ ಹತ್ತಕ್ಕೆ ಬನ್ನಿ. ಇವು ಸಂಕ್ರಮಣ ಲೋಹಗಳು. ಇಲ್ಲಿ ಹೊಸ ಇಲೆಕ್ಟ್ರಾನ್ ಹೋಗಿ ಸೇರುವುದು ಹೊರಕವಚಕ್ಕಲ್ಲ, ಅದರ ಒಳಗಿನ ಕವಚದ ಡಿ ಉಪಕವಚಕ್ಕೆ. ಅಲ್ಲಿ ಹತ್ತು ಇಲೆಕ್ಟ್ರಾನಿಗೆ ಜಾಗ, ಹಾಗಾಗಿ ಹತ್ತು ಗುಂಪು. ಹೊರಗಿನದು ಹೆಚ್ಚು ಬದಲಾಗದ ಕಾರಣ ಅಕ್ಕಪಕ್ಕದವೂ ಒಂದನ್ನೊಂದು ಹೋಲುತ್ತವೆ. ಒಂದೇ ಲೋಹ ಎರಡು ಮೂರು ವೇಲೆನ್ಸಿ (ಬೇರೆ ಪರಮಾಣುಗಳ ಜೊತೆ ಸೇರುವ ಸಾಮರ್ಥ್ಯ) ತೋರಿಸುತ್ತದೆ, ಸಂಯುಕ್ತಗಳಿಗೆ ಬಣ್ಣ ಬರುತ್ತದೆ. ಮುರಕಲ್ಲಿನ ಕೆಂಪು ಕಬ್ಬಿಣದ್ದು. ಮೈಲುತುತ್ತಿನ ನೀಲಿ ತಾಮ್ರದ್ದು.

ಅಡಿಕೆಗೆ ಮದ್ದು ಬಿಡುವ ಮನೆಯವರಿಗೆ ಒಂದು ಪ್ರಯೋಗ ಗೊತ್ತೇ ಇರುತ್ತದೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೆರೆಸಿದ ಮೇಲೆ ಹೊಳೆಯುವ ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪಗಿನ ಲೇಪ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ತುಕ್ಕಲ್ಲ, ತಾಮ್ರ. ಗುಂಪು 8ರ ಕಬ್ಬಿಣ ಗುಂಪು 11ರ ತಾಮ್ರಕ್ಕಿಂತ ಬೇಗ ಇಲೆಕ್ಟ್ರಾನ್ ಕೊಡುತ್ತದೆ. ದ್ರಾವಣದಲ್ಲಿ ಸುಣ್ಣದ ಜೊತೆ ಸೇರದೆ ಉಳಿದಿದ್ದ ತಾಮ್ರ ಆ ಇಲೆಕ್ಟ್ರಾನ್ ಪಡೆದು ಲೋಹವಾಗಿ ಕತ್ತಿಗೆ ಅಂಟುತ್ತದೆ. ಇದೇ ಕಾರಣಕ್ಕೆ ಈ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡುವುದಿಲ್ಲ. ದೊಡ್ಡವರು ಮದ್ದು ಬೆರೆಸುವಾಗ ದೂರ ನಿಂತು ನೋಡಿ, ನೀವಾಗಿ ಕೈ ಹಾಕಬೇಡಿ.

ಸತು ಈ ಸಾಲಿನ ಕೊನೆಯದು, ಆದರೆ ಅದರ ಡಿ ಪೂರ್ತಿ ಭರ್ತಿ. ಹಾಗಾಗಿ ವೇಲೆನ್ಸಿ 2 ಮಾತ್ರ, ಲವಣಗಳೂ ಹೆಚ್ಚಾಗಿ ಬಿಳಿ. ಗುಂಪು 12 ಸಂಕ್ರಮಣ ಲೋಹ ಹೌದೋ ಅಲ್ಲವೋ ಎಂಬುದರಲ್ಲಿ ಪುಸ್ತಕಗಳೇ ಒಮ್ಮತದಲ್ಲಿಲ್ಲ. ನಿಮ್ಮ ಪಠ್ಯದಲ್ಲಿ ಇರುವಂತೆ ಬರೆಯಿರಿ.

ಹಂತ 7: ಕೆಳಗಿನ ಎರಡು ಸಾಲು

ಕೋಷ್ಟಕದ ಕೆಳಗೆ ಬೇರೆಯಾಗಿ ಕಾಣುವ ಎರಡು ಸಾಲುಗಳನ್ನು ನೋಡಿ 8ನೇ, 9ನೇ ಆವರ್ತ ಎಂದು ತಿಳಿಯುವವರಿದ್ದಾರೆ. ಅಲ್ಲ. ಮೊದಲನೆಯದು 6ನೇ ಆವರ್ತದ ಲ್ಯಾಂಥನೈಡ್‌ಗಳು, 57ರಿಂದ 71. ಎರಡನೆಯದು 7ನೇ ಆವರ್ತದ ಆಕ್ಟಿನೈಡ್‌ಗಳು, 89ರಿಂದ 103. ಅವುಗಳ ಜಾಗದಲ್ಲೇ ಇಟ್ಟರೆ ಕೋಷ್ಟಕ 32 ಮನೆ ಅಗಲವಾಗಿ ಪುಟದಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಕೆಳಗೆ ಇಳಿಸಿದ್ದಾರೆ.

ಇಲ್ಲಿ ಇನ್ನೂ ಒಳಗಿನ ಎಫ್ ಉಪಕವಚ ತುಂಬುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ. ಕೊಲ್ಲಂ ಜಿಲ್ಲೆಯ ಚವರದ ಕಡಲತೀರದ ಮರಳಿನಲ್ಲಿ ಸಿಗುವ ಮೊನಜೈಟ್ ಖನಿಜದಲ್ಲಿ ಲ್ಯಾಂಥನಂ, ಸೀರಿಯಂ, ನಿಯೋಡಿಮಿಯಂ ಎಲ್ಲ ಒಟ್ಟಿಗೇ ಇರುತ್ತವೆ, ಜೊತೆಗೆ ಆಕ್ಟಿನೈಡ್ ಸಾಲಿನ ಥೋರಿಯಂ. ಇವನ್ನು ಒಂದರಿಂದೊಂದು ಬೇರ್ಪಡಿಸುವುದು ಅಷ್ಟು ಕಷ್ಟ ಆಗುವುದೂ ಈ ಹೋಲಿಕೆಯಿಂದಲೇ. ಗುಂಪು 3ರ ಕೆಳಗಿನ ಮನೆಗಳಲ್ಲಿ ಲ್ಯಾಂಥನಂ ಇರಬೇಕೋ ಲುಟೇಷಿಯಂ ಇರಬೇಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎರಡು ಪುಸ್ತಕದಲ್ಲಿ ಎರಡು ಥರ ಕಂಡರೆ ಗಾಬರಿ ಬೇಡ.

ಹಂತ 8: ಬಣ್ಣ ಹಾಕಿ

ಲೋಹಕ್ಕೆ ಒಂದು ಬಣ್ಣ, ಅಲೋಹಕ್ಕೆ ಇನ್ನೊಂದು, ನಡುವಿನ ಲೋಹಾಭಗಳಿಗೆ ಮೂರನೆಯದು. ನಿಮ್ಮ 36 ಚೀಟಿಗಳಲ್ಲಿ ಬೋರಾನ್, ಸಿಲಿಕಾನ್, ಜರ್ಮೇನಿಯಂ, ಆರ್ಸೆನಿಕ್ ಲೋಹಾಭಗಳು. ಅವು ಮೆಟ್ಟಿಲಿನ ಹಾಗೆ ಓರೆಯಾಗಿ ಇಳಿಯುತ್ತವೆ. ಎಡಗಡೆ ಲೋಹ, ಬಲಗಡೆ ಅಲೋಹ, ಹೈಡ್ರೋಜನ್ ಒಂದು ಬಿಟ್ಟು.

ಬಣ್ಣ ಹಾಕುವಾಗಲೇ ಗಾತ್ರದ ವಿಚಾರವನ್ನೂ ಗಟ್ಟಿ ಮಾಡಿಕೊಳ್ಳಿ. ಗುಂಪಿನಲ್ಲಿ ಕೆಳಗೆ ಹೋದರೆ ಪರಮಾಣು ದೊಡ್ಡದಾಗುತ್ತದೆ. ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಎಡದಿಂದ ಬಲಕ್ಕೆ ಹೋದರೆ ಚಿಕ್ಕದಾಗುತ್ತದೆ. ಇಲೆಕ್ಟ್ರಾನ್ ಜಾಸ್ತಿಯಾದರೆ ದೊಡ್ಡದಾಗಬೇಕಲ್ವಾ ಎಂದು ಕೇಳುತ್ತಾರೆ. ಕವಚ ಹೆಚ್ಚಾಗಿಲ್ಲ, ಬೀಜಕೇಂದ್ರದ ಪ್ರೋಟಾನ್ ಹೆಚ್ಚಾಗಿದೆ. ಸೆಳೆತ ಬಲವಾಗಿ ಕವಚ ಒಳಕ್ಕೆ ಎಳೆಯಲ್ಪಡುತ್ತದೆ. ಸೋಡಿಯಂನ ತ್ರಿಜ್ಯ 186 ಪೈಕೋಮೀಟರ್, ಅದೇ ಸಾಲಿನ ಕ್ಲೋರಿನ್‌ನದ್ದು 99. ಒಂದು ಪೈಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಹಂತ 9: ಸಂಖ್ಯೆಯಿಂದ ಗುಂಪು ಹೇಳಿ

ಶುರುವಿಗೆ ಹೇಳಿದ ಏಳು ಸಂಖ್ಯೆಗಳು ಇವು: 2, 10, 18, 36, 54, 86, 118. ಒಂದೊಂದು ಆವರ್ತ ಮುಗಿಯುವ ಜಾಗ, ಅಂದರೆ ಗುಂಪು 18ರ ಧಾತುಗಳು. ಕೊನೆಯ 118, ಒಗನೆಸಾನ್. ಅದಕ್ಕೆ ಆ ಹೆಸರು ಬಂದದ್ದು 2016ರಲ್ಲಿ.

ಕೊಟ್ಟ ಪರಮಾಣು ಸಂಖ್ಯೆಗಿಂತ ಚಿಕ್ಕದಾದ, ಅದಕ್ಕೆ ಹತ್ತಿರದ ಸಂಖ್ಯೆಯನ್ನು ಇವುಗಳಲ್ಲಿ ಹುಡುಕಿ, ಕಳೆಯಿರಿ. ಆವರ್ತ ಎಂದರೆ ಅದರ ಮುಂದಿನ ಸಾಲು. ಉಳಿದ ಸಂಖ್ಯೆಯನ್ನು ಹೀಗೆ ಓದಿ:

2ನೇ, 3ನೇ ಆವರ್ತದಲ್ಲಿ ಉಳಿದದ್ದು 1, 2 ಆದರೆ ಅದೇ ಗುಂಪು. 3 ಅಥವಾ ಹೆಚ್ಚಾದರೆ 10 ಕೂಡಿಸಿ.

4ನೇ, 5ನೇ ಆವರ್ತದಲ್ಲಿ ಉಳಿದದ್ದೇ ಗುಂಪು. ಏನೂ ಕೂಡಿಸಬೇಡಿ.

6ನೇ, 7ನೇ ಆವರ್ತದಲ್ಲಿ 1, 2 ಆದರೆ ಅದೇ ಗುಂಪು. 3ರಿಂದ 17 ಆದರೆ ಕೆಳಗಿನ ಎರಡು ಸಾಲಿನದು. 18 ಅಥವಾ ಹೆಚ್ಚಾದರೆ 14 ಕಳೆಯಿರಿ.

ಚಿನ್ನ ನೋಡೋಣ, 79. ಹತ್ತಿರದ ಚಿಕ್ಕ ಸಂಖ್ಯೆ 54, ಅದು 5ನೇ ಆವರ್ತದ ಕೊನೆ. ಹಾಗಾಗಿ ಚಿನ್ನ 6ನೇ ಆವರ್ತ. 79ರಲ್ಲಿ 54 ಕಳೆದರೆ 25. ಅದರಲ್ಲಿ 14 ಕಳೆದರೆ 11. ಚಿನ್ನ ಗುಂಪು 11, ತಾಮ್ರ, ಬೆಳ್ಳಿಗಳ ಕೆಳಗೆ. ಯುರೇನಿಯಂ 92: 86 ಕಳೆದರೆ 6, ಆದ್ದರಿಂದ ಆಕ್ಟಿನೈಡ್.

ಅವಸರದಲ್ಲಿ ಆಗುವ ತಪ್ಪು ಎಂದರೆ 4ನೇ ಆವರ್ತಕ್ಕೂ 10 ಕೂಡಿಸುವುದು. ಬ್ರೋಮಿನ್ 35, 18 ಕಳೆದರೆ 17. ಅದೇ ಉತ್ತರ. 10 ಕೂಡಿಸಿ 27 ಬಂತೆಂದರೆ ಅಂಥ ಗುಂಪೇ ಇಲ್ಲ, ಹಿಂದೆ ಹೋಗಿ ನೋಡಿ.

ಈಗ ಚೀಟಿಗಳನ್ನು ಒಟ್ಟು ಮಾಡಿ ಬದಿಗಿಡಿ. ಇವುಗಳನ್ನು ನೀವೇ ಮಾಡಿ: 15, 30, 38, 53, 56, 60, 83, 88. ಮಾಡಿದ ಮೇಲೆ ಪುಸ್ತಕದ ಕೋಷ್ಟಕ ತೆರೆದು ತಾಳೆ ನೋಡಿ. ಉತ್ತರಗಳು ಕ್ರಮವಾಗಿ: ರಂಜಕ, 3ನೇ ಆವರ್ತ, ಗುಂಪು 15. ಸತು, 4ನೇ ಆವರ್ತ, ಗುಂಪು 12. ಸ್ಟ್ರಾಂಷಿಯಂ, 5ನೇ ಆವರ್ತ, ಗುಂಪು 2. ಅಯೋಡಿನ್, 5ನೇ ಆವರ್ತ, ಗುಂಪು 17. ಬೇರಿಯಂ, 6ನೇ ಆವರ್ತ, ಗುಂಪು 2. ನಿಯೋಡಿಮಿಯಂ, 6ನೇ ಆವರ್ತ, ಲ್ಯಾಂಥನೈಡ್. ಬಿಸ್ಮತ್, 6ನೇ ಆವರ್ತ, ಗುಂಪು 15. ರೇಡಿಯಂ, 7ನೇ ಆವರ್ತ, ಗುಂಪು 2. ಬೇರಿಯಂಗೆ 14 ಕಳೆಯಲು ಹೋಗಿ ಸಿಕ್ಕಿಬಿದ್ದಿದ್ದರೆ 6ನೇ, 7ನೇ ಆವರ್ತದ ನಿಯಮವನ್ನು ಇನ್ನೊಮ್ಮೆ ಓದಿಕೊಳ್ಳಿ.